ಎರಡು ಒನಕೆಯ ತುಪ್ಪ

ಸಿದ್ದಾಪುರದ ಕಡೆ ಉಪ್ಪಾಗೆ ಎಂಬ ಕಾಡಿನ ಹುಳಿಹಣ್ಣಿನ ಸಿಪ್ಪೆಗೆ ವ್ಯಾಪಾರಿಗಳು ಮುಗಿಬಿದ್ದ ಕಾಲದಲ್ಲೂ ಅದರ ಬೀಜ ಯಾರಿಗೂ ಬೇಡವಾಗಿತ್ತು. ಗುತ್ಯಮ್ಮ ಮಾತ್ರ ಆ ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ತೆಗೆದು ತುಪ್ಪ ಮಾಡುತ್ತಿದ್ದಳು. ಕುಟ್ಟುವುದಕ್ಕೆ ಎರಡು ಒನಕೆ ಬೇಕು. ಇನ್ನೊಂದು ಮೈದುನನ ಹೆಂಡತಿ ಕೆರಿಯಮ್ಮನದು. ಒಂದು ಹಲಸಿನ ಮರದ ಜಗಳಕ್ಕೆ ಇಬ್ಬರೂ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಆದರೂ ಬೀಜ ಒಣಗಿದ ದಿನ ಕೆರಿಯಮ್ಮ ಮುಖ ಊದಿಸಿಕೊಂಡೇ ಬಂದು, ಅದೇ ಒರಳಿಗೆ ಗುತ್ಯಮ್ಮನ ಒಂದು ಪೆಟ್ಟಾದ ಮೇಲೆ ತನ್ನದೊಂದು ಪೆಟ್ಟು ಹಾಕಿ, ತನ್ನ ಪಾಲಿನ ತುಪ್ಪ ಹಿಡಿದು ಹೇಳದೆ ಹೋಗುತ್ತಿದ್ದಳು. ಹೋದ ಚಳಿಗಾಲದಲ್ಲಿ ಅವಳು ತೀರಿಕೊಂಡಳು.

ಈ ಸಲ ಬೀಜ ಕುಟ್ಟುವ ದಿನ ಬಂದವಳು ಶಿರಸಿಯ ಕಾಲೇಜಿನಲ್ಲಿ ಓದುವ ತನುಜಾ ಎಂಬ ಹುಡುಗಿ. ಹಿಂದಿನ ಸಲದ ತುಪ್ಪವನ್ನು ಕಾಲೇಜಿನ ಪ್ರಯೋಗಾಲಯಕ್ಕೆ ಪರೀಕ್ಷೆಗೆ ಒಯ್ದಿದ್ದಳು.

"ಇದರಲ್ಲಿ ಸ್ಟಿಯರಿಕ್ ಆಮ್ಲ ಜಾಸ್ತಿ ಇದೆ ಅಮ್ಮ, ಅದಕ್ಕೇ ಬೇಸಿಗೇಲೂ ಕರಗದೆ ಗಟ್ಟಿ ಇರ್ತದೆ."

"ಹೂಂ" ಎಂದ ಗುತ್ಯಮ್ಮ ಒಂದು ಪೆಟ್ಟು ಹಾಕಿ, ಒನಕೆ ಎತ್ತಿ ಹಿಡಿದು ನಿಂತಳು. ಮತ್ತೊಂದು ಹಾಕಿದಳು, ಮತ್ತೆ ನಿಂತಳು.

"ನಡುವೆ ಯಾಕಮ್ಮ ನಿಲ್ಲಿಸ್ತ್ರಿ? ಕೈ ನೋಯ್ತದಾ?"

"ನನ್ನ ಕೈಗೆ ಎಂತದೂ ಆಗ್ಲಿಲ್ಲ" ಎಂದು ಗುತ್ಯಮ್ಮ ರೇಗಿದಳು. "ಈಗ ಅವಳ ಪೆಟ್ಟು."