ಚೌಡನ ‘ಆತು’
‘ಚೌಡಂಗೆ ನಾಳೆ ಅನ್ನೂಕೇ ಬರೂದಿಲ್ಲ’ ಎಂದು ಹಿರೇಗುತ್ತಿಯ ನೆರೆಹೊರೆಯವರು ನಗುತ್ತಿದ್ದರು. ಶಾಲೆಯ ಜವಾನನಾದ ಅವನು ಮುಂದೆ ಆಗಬೇಕಾದ ಸುದ್ದಿಯನ್ನೆಲ್ಲ ಆಗಿಹೋದಂತೆಯೇ ಸಾರುವನು. ಮುಂದಿನ ವಾರ ಇನ್ಸ್‌ಪೆಕ್ಟರು ಬರುವರೆಂದರೆ, ‘ಸಾಹೇಬ್ರು ಬಂದಾತು!’ ಎಂದು ಗದ್ದೆಯಂಚಿನಲ್ಲಿ ಕೂಗುತ್ತ ಓಡುವನು. ಮಾಸ್ತರರು ಉಂಡ ಕೈಯಲ್ಲೇ ಟೋಪಿ ಏರಿಸಿ ಖಾಲಿ ರಸ್ತೆಗೆ ನಮಸ್ಕರಿಸುವರು. ಶಾರದಾ ಪೂಜೆ ‘ಆತು’ ಎಂದು ಕೇಳಿದ ನೆರೆಮನೆಯ ಗಂಗೆ, ಪೂಜೆ ನಡೆಯುವ ಮೊದಲೇ, ತನಗೆ ಪ್ರಸಾದ ಸಿಗಲಿಲ್ಲವೆಂದು ಜಗಳ ತೆಗೆದಳು. ಆದರೆ ಚೌಡನ ಮಗಳು ನಾಗು ಮಾಸ್ತರಿಕೆಯ ಆಸೆಯಿಂದ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಗೆ ಕುಳಿತ ವರ್ಷ ಅವನ ಬಾಯಿ ಕಟ್ಟಿತು. ‘ನಾಗು ಪಾಸಾತೇನಾ?’ ಎಂದು ಗಂಗೆ ಕೆಣಕಿದರೆ, ‘ಸುಮ್ನಿರೆ ಮಾರಾಯ್ತಿ, ಆದ್ಮೇಲೇ ಹೇಳ್ತೆ’ ಎಂದು ಬೆವರುವನು. ನಾಗು ಪಾಸಾಗಿ ಅದೇ ಶಾಲೆಗೆ ಶಿಕ್ಷಕಿಯಾದಳು, ಮಕ್ಕಳಿಗೆಲ್ಲ ‘ಅಕ್ಕೋರು’ ಆದಳು. ನಿವೃತ್ತಿಯ ದಿನ, ಕೆಲಸಕ್ಕೆಂದು ಕೊನೆಯ ಸಲ ಮನೆಯಿಂದ ಹೊರಟ ಚೌಡ ಹೊಸ್ತಿಲಲ್ಲೇ ಪಕ್ಕಕ್ಕೆ ಸರಿದು ಮಗಳಿಗೆ ಕೈಮುಗಿದ: ‘ನೀವು ಮುಂದೆ ನಡೀರಿ, ಅಕ್ಕೋರೆ.’