ಸುಲ್ಮಾಳ ಬುಧವಾರದ ಮಾಂಸ

ಉಣ್ಣೆ ಮಂಡಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಕೈಯಾಡಿಸಿದ ಹೆಂಗಸಿನ ಬೆರಳು ಸುಳ್ಳು ಹೇಳುವುದಿಲ್ಲ ಎಂದು ತಾಕ್ವಾರೆಂಬೊ ಊರಿನಲ್ಲಿ ಎಲ್ಲರೂ ಒಪ್ಪುತ್ತಾರೆ. ಅದೇ ಬೆರಳು ಮಾಂಸದ ಮೇಲೆ ಬಂದಾಗ ಮಾತ್ರ ಒಪ್ಪುವವರು ಇರಲಿಲ್ಲ. ಸುಲ್ಮಾ ಬಿದೆಗಾಯಿನಳ ಕಥೆ ಎಂದರೆ ಈ ಒಪ್ಪಿಗೆಯ ಕಥೆಯೇ.

ಮೊದಲು ಮಂಡಿಯದನ್ನು ಹೇಳಿಬಿಡುತ್ತೇನೆ. ಕುರಿಗಳ ತುಪ್ಪಟ ಕತ್ತರಿಸುವ ಕಾಲ ಬಂತೆಂದರೆ ಲಾರಿಗಟ್ಟಲೆ ಉಣ್ಣೆ ಬಂದು ಬೀಳುತ್ತದೆ. ಒಂದೊಂದು ಕುರಿಯ ಉಣ್ಣೆಯನ್ನೂ ಪಟ್ಟಿ ಹೊಡೆದ ಮೇಜಿನ ಮೇಲೆ ಕಂಬಳಿಯಂತೆ ಹರಡುತ್ತಾರೆ. ಸುಲ್ಮಾ ಅದರಿಂದ ಒಂದು ಎಳೆಗುಚ್ಛ ಕಿತ್ತು, ಎರಡು ತುದಿ ಹಿಡಿದು, ಕಿವಿಯ ಹತ್ತಿರ ತಂದು ಮೀಟುತ್ತಾಳೆ. ಟಿಣ್ ಎಂದರೆ ಗಟ್ಟಿ ಉಣ್ಣೆ. ಚಿರ್ ಎಂದರೆ ಆ ಕುರಿ ಚಳಿಗಾಲದಲ್ಲಿ ಹಸಿದಿತ್ತು ಎಂದು ಅರ್ಥ. ಆಮೇಲೆ ಹೆಬ್ಬೆರಳಿನಲ್ಲಿ ಉಜ್ಜಿ ಎಳೆ ಎಷ್ಟು ಸಣ್ಣ ಎಂದು ಹೇಳುತ್ತಾಳೆ. ಒಮ್ಮೆ ರಾಜಧಾನಿಯಿಂದ ಬಂದ ಖರೀದಿದಾರನೊಬ್ಬ ನಂಬದೆ ಮಾದರಿಯನ್ನು ಪ್ರಯೋಗಶಾಲೆಗೆ ಕಳಿಸಿದ. ಹದಿನೈದು ದಿನ ಕಳೆದು ಕಾಗದ ಬಂತು, ಅವಳು ಹೇಳಿದ್ದೇ ಅದರಲ್ಲೂ ಇತ್ತು. ಮೇಸ್ತ್ರಿ ಆ ಕಾಗದವನ್ನು ಗೋಡೆಗೆ ಅಂಟಿಸಿದ. ಅದರ ಮುಂದೆ ಹಾದುಹೋಗುವಾಗಲೆಲ್ಲ ಸುಲ್ಮಾಳ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು.

ಮನೆಗೆ ಬರುವುದು ಸಂಜೆ ಆರಕ್ಕೆ. ಗಂಡ ವಿಲ್ಮಾರ್ ಮರ ಕೊಯ್ಯುವ ಮಿಲ್ಲಿನಿಂದ ಏಳಕ್ಕೆ ಬರುತ್ತಿದ್ದ. ಮಗಳು ಹಿಮೆನಾ, ಮತ್ತೆ ಮಾವ ಎರ್ಮೆಸ್, ಊರವರು ಮರ್ಯಾದೆಗೆ ದೋನ್ ಎರ್ಮೆಸ್ ಎನ್ನುತ್ತಿದ್ದರು. ಈ ಮಾವ ಹರೆಯದಲ್ಲಿ ನೂರಾರು ದನಗಳನ್ನು ಕುದುರೆಯ ಮೇಲೆ ಕೂತು ವಾರಗಟ್ಟಲೆ ಹೊಡೆದುಕೊಂಡು ಹೋದವನು. ಈಗ ಎಂಬತ್ತರ ಹತ್ತಿರ. ಕುದುರೆ ಹೋಯಿತು, ದನ ಹೋಯಿತು, ಉಳಿದದ್ದು ಕೆಂಡ. ಹಿತ್ತಿಲಿನಲ್ಲಿ ಕೆಂಡದ ಮೇಲೆ ಮಾಂಸ ಸುಡುವ ಜಾಲರಿಯ ಮುಂದೆ ಅವನು ನಿಂತರೆ ಆ ಬೀದಿಗೆ ಭಾನುವಾರ ಬಂದ ಹಾಗೆ; ಭಾನುವಾರದ ಮಾಂಸ ಅವನದೇ. ಮದುವೆಗೂ ತಿಥಿಗೂ ಅವನನ್ನೇ ಕರೆಯುತ್ತಿದ್ದರು. ಉರಿ ಮಾಂಸದ ಶತ್ರು, ಕೆಂಡ ಮಾಂಸದ ತಾಯಿ, ಇದು ಅವನ ವೇದ. ಮೂರು ಗಂಟೆ ನಿಂತು, ಕೆಂಡವನ್ನು ತೆಳ್ಳಗೆ ಹರಡಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಳೆದು, ಮಾಂಸವನ್ನು ನಿಧಾನವಾಗಿ ಒಲಿಸಿಕೊಳ್ಳುತ್ತಿದ್ದ.

ದಿನವೆಲ್ಲ ನಿಂತು ಬಂದ ಹೆಂಗಸಿಗೆ ಇನ್ನೂ ಮೂರು ಗಂಟೆ ನಿಲ್ಲುವ ಕಾಲು ಎಲ್ಲಿಂದ ಬರಬೇಕು? ಮದುವೆಯಾದ ಮೊದಲ ಚಳಿಗಾಲದಲ್ಲೇ ಸುಲ್ಮಾ ತನ್ನ ದಾರಿ ಕಂಡುಕೊಂಡಳು. ಅಡುಗೆಮನೆಯಲ್ಲಿ ಕಬ್ಬಿಣದ ಸೌದೆ ಒಲೆ, ಅದರ ಹೊಟ್ಟೆಯೊಳಗೆ ಓವನ್. ಒಲೆಗೆ ನೀಲಗಿರಿ ಸೌದೆ, ಮೇಲೆ ಎರಡು ಹಿಡಿ ಒಣಗಿದ ಮೆಕ್ಕೆಜೋಳದ ದಿಂಡು. ಭಾರದ ಕಬ್ಬಿಣದ ಬಾಣಲೆಯನ್ನು ಖಾಲಿಯಾಗಿಯೇ ಓವನ್ನಿನೊಳಗಿಟ್ಟು, ಅದು ಕಾದು ಬೂದುಬಣ್ಣಕ್ಕೆ ತಿರುಗುವವರೆಗೆ ಬಿಡಬೇಕು. ದನದ ಸೊಂಟದ ಕೆಳಗಿನ ತುಂಡನ್ನು ಬಟ್ಟೆಯಲ್ಲಿ ಒತ್ತಿ ಒತ್ತಿ ಒರೆಸಿ, ಕಲ್ಲುಪ್ಪು ಸವರಿ, ಕೊಬ್ಬಿನ ಕಡೆ ಕೆಳಗೆ ಮಾಡಿ ಬಾಣಲೆಗೆ ಹಾಕಿದರೆ ಚುಂಯ್ ಎಂದು ಕೂಗಬೇಕು. ಕೂಗದಿದ್ದರೆ ಬಾಣಲೆ ಕಾದಿಲ್ಲ. ಆಮೇಲೆ ಓವನ್ನಿನೊಳಗೆ, ಬಾಗಿಲು ಹಾಕಿ. ಮುಂದಿನ ಅರ್ಧ ಗಂಟೆ ಕೆಲಸವೆಲ್ಲ ಒಲೆಯದು. ಅವಳು ಕುರ್ಚಿ ಎಳೆದುಕೊಂಡು, ಬಿಸಿನೀರಿನಲ್ಲಿ ಕಾಲಿಟ್ಟು, ಮಾಟೆ ಕಷಾಯ ಹೀರುತ್ತಿದ್ದಳು. ಕೊನೆಗೆ ಬೆರಳಿನಿಂದ ಮಾಂಸವನ್ನು ಒಮ್ಮೆ ಒತ್ತಿದರೆ ಸಾಕು, ಒಳಗೆ ಎಷ್ಟು ಕೆಂಪಿದೆ ಎಂದು ತಿಳಿಯುತ್ತಿತ್ತು. ಉಣ್ಣೆಗೂ ಮಾಂಸಕ್ಕೂ ಏನು ವ್ಯತ್ಯಾಸ, ಎರಡೂ ಪ್ರಾಣಿಯ ಮೈಯಿಂದ ಬಂದವೇ ಅಲ್ಲವೇ ಎನ್ನುತ್ತಿದ್ದಳು.

ಮನೆಯವರು ಅದನ್ನು ಬೆರಳು ಚೀಪಿಕೊಂಡು ತಿನ್ನುತ್ತಿದ್ದರು. ಮಾವ ಮಾತ್ರ ಮುಟ್ಟುತ್ತಿರಲಿಲ್ಲ. ಭಾನುವಾರ ಬಿಟ್ಟು ಉಳಿದ ದಿನ ಸೂಪು ಮತ್ತು ಚೀಸು ಅವನ ಊಟ. ಆದರೂ ಎಲ್ಲರ ಊಟ ಮುಗಿದ ಮೇಲೆ ಬಾಣಲೆಯಲ್ಲಿ ಉಳಿದ ರಸಕ್ಕೆ ಬ್ರೆಡ್ಡು ಅದ್ದಿ ಅದ್ದಿ ತಿನ್ನುತ್ತಿದ್ದ. ಕೇಳಿದರೆ, ಇದು ಮಾಂಸ ಅಲ್ಲವಲ್ಲ, ರಸ, ಎನ್ನುತ್ತಿದ್ದ.

ಅಷ್ಟಿದ್ದರೂ ನೆಂಟರು ಬಂದರೆ ಓವನ್ನಿನ ಮಾಂಸಕ್ಕೆ ಮೇಜಿನ ಮೇಲೆ ಜಾಗವಿರಲಿಲ್ಲ. ಒಂದು ಗುರುವಾರ ವಿಲ್ಮಾರನ ಸೋದರಮಾವ ಹೇಳದೆ ಕೇಳದೆ ಬಂದಾಗ, ವಿಲ್ಮಾರ್ ಸುಡುತ್ತಿದ್ದ ಬಾಣಲೆಗೆ ಬಟ್ಟೆ ಮುಚ್ಚಿ, ಕದ್ದ ಮಾಲಿನ ಹಾಗೆ ಮಂಚದ ಕೆಳಗೆ ತಳ್ಳಿ, ಡಬ್ಬಿ ಮೀನು ತೆರೆದು ಬಡಿಸಿದ್ದ. ಮನೆಯೆಲ್ಲ ಹುರಿದ ಮಾಂಸದ ಘಮ. ತಟ್ಟೆಯಲ್ಲಿ ಡಬ್ಬಿ ಮೀನು. ಆ ಸೋದರಮಾವ ಮೂಗು ಅರಳಿಸುತ್ತಲೇ ಊಟ ಮುಗಿಸಿದ. ಸುಲ್ಮಾ ಅಂದು ನಕ್ಕಳು. ನಕ್ಕದ್ದು ಬಾಯಿ, ಹೊಟ್ಟೆಯೊಳಗಿನದು ಹಾಗೇ ಉಳಿಯಿತು.

ಹೀಗಿರುವಾಗ ಹಿಮೆನಾಗೆ ಸಂಬಂಧ ಕೂಡಿಬಂತು. ಹುಡುಗನ ಅಪ್ಪ ದೋನ್ ಬಾಲ್ತಾಸಾರ್ ದೂರದ ಬಸ್ಸಿನ ಚಾಲಕ, ಅವನಿಗೆ ಬಿಡುವು ಬುಧವಾರ ಮಾತ್ರ. ಗಂಡ ಹೆಂಡತಿ ಇಬ್ಬರೂ ರಿವೆರಾ ಊರಿನಿಂದ ಬುಧವಾರ ಸಂಜೆಯ ಊಟಕ್ಕೆ ಬರುವುದು ಎಂದು ನಿಶ್ಚಯವಾಯಿತು. ದೋನ್ ಎರ್ಮೆಸ್ ಆಗಲೇ ಚಾಕು ಮಸೆಯಲು ಕೂತ. ಹಿಮೆನಾ ಮಾತ್ರ ಅಮ್ಮನ ಹತ್ತಿರ ಬಂದಳು.

"ಅಮ್ಮಾ, ಅವರು ನೋಡಕ್ಕೆ ಬರ್ತಿರೋದು ನಮ್ಮ ಭಾನುವಾರ ಅಲ್ಲ. ನಾನು ದಿನಾ ತಿಂದು ಬೆಳೆದಿದ್ದನ್ನ ಅವರೂ ತಿನ್ಲಿ. ನೀನು ಮಾಡೋ ಬಾಡೇ ಮಾಡು."

ಮುದುಕನ ಕಿವಿ ಬೇಡದ್ದಕ್ಕೆಲ್ಲ ಚುರುಕು. "ಓವನ್ ಬಾಡು ಕಾಯಿಲೆಯವರಿಗೆ ಕಣಮ್ಮಾ. ಹಲ್ಲಿಲ್ಲದವರಿಗೆ," ಎಂದ.

"ನಿಮಗೆಷ್ಟಿವೆ ತಾತ?"

"ಲೆಕ್ಕ ಕೇಳ್ಬೇಡ. ಇರೋ ನಾಲ್ಕೂ ಕೆಂಡ ಕಂಡಿರೋವು."

ವಿಲ್ಮಾರ್ ಎಂದಿನಂತೆ ಅಪ್ಪನ ಮರ್ಯಾದೆಯ ಮಾತು ತೆಗೆದ. ಬೀಗರ ಮುಂದೆ ದಿನನಿತ್ಯದ ಅಡುಗೆ ಇಟ್ಟರೆ ಊರು ಏನೆನ್ನುತ್ತದೆ ಎಂದ. ಹಾಗೆ ಇಟ್ಟರೆ ತಾನು ಆ ಮೇಜಿಗೆ ಕೂರುವುದಿಲ್ಲ ಎಂದು ಮಾವ ಹೇಳಿಬಿಟ್ಟ. ಸುಲ್ಮಾ ಪಾತ್ರೆ ಒರೆಸುತ್ತಿದ್ದವಳು ಬಟ್ಟೆ ಕೆಳಗಿಟ್ಟಳು.

"ಬುಧವಾರ ಮೇಜಿನ ಮೇಲೆ ಬರೋದು ನನ್ನ ಬಾಡು. ಸುಲ್ಮಾ ಮಾಡಿದ್ದು ಅಂತ ಹೆಸರು ಹೇಳ್ಕೊಂಡೇ ಬರುತ್ತೆ. ಕೂರೋದು ಬಿಡೋದು ನಿಮಗೆ ಬಿಟ್ಟಿದ್ದು, ಮಾವ."

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಆ ಮನೆ ಅಂಥ ಮಾತು ಕೇಳಿರಲಿಲ್ಲ.

ಬುಧವಾರ ಬೆಳಗಿನಿಂದ ಗಾಳಿ ಮಳೆ. ಸುಲ್ಮಾ ಮಧ್ಯಾಹ್ನವೇ ಮಂಡಿ ಬಿಟ್ಟು ಬಂದು, ಕಟುಕನ ಅಂಗಡಿಯಲ್ಲಿ ಎರಡು ಒಳ್ಳೆಯ ತುಂಡು ಆರಿಸಿದಳು. ದೋನ್ ಎರ್ಮೆಸ್‌ಗಾ ಎಂದು ಅವನು ಕೇಳಿದ. ಅಲ್ಲ, ನನಗೆ ಎಂದಳು. ಸಂಜೆ ಏಳೂವರೆಗೆ ಒಲೆ ಗುಡುಗುತ್ತಿತ್ತು, ಬಾಣಲೆ ಕೂಗಬೇಕಾದಂತೆ ಕೂಗಿತು, ಮಾಂಸ ಓವನ್ನಿನೊಳಗೆ ಹೋಯಿತು. ಬೀಗರು ಎಂಟಕ್ಕೆ ಬರುವವರು. ಸುಲ್ಮಾ ಬಟ್ಟೆ ಬದಲಿಸಲು ಒಳಗೆ ಹೋದಳು.

ಅಡುಗೆಮನೆಯ ಮೂಲೆಯಲ್ಲಿ ಮುನಿಸಿಕೊಂಡು ಕೂತಿದ್ದ ದೋನ್ ಎರ್ಮೆಸ್ ಒಲೆಯನ್ನೇ ನೋಡುತ್ತಿದ್ದ. ಬೆಂಕಿಕಂಡಿಯ ಸಂದಿನಲ್ಲಿ ಉರಿ ಧಗಧಗ ಎನ್ನುತ್ತಿದೆ. ಜೋಳದ ದಿಂಡು ಚಟಪಟ ಸಿಡಿಯುತ್ತಿದೆ. ಒಳಗೆ ಎಂಥ ಚೆಂದದ ಮಾಂಸ ಇದೆ ಎಂದು ಅವನ ಮೂಗಿಗೆ ಗೊತ್ತು. ಜೀವಮಾನವೆಲ್ಲ ಉರಿಯನ್ನು ಶತ್ರು ಎಂದವನು ಎಷ್ಟು ಹೊತ್ತು ತಡೆದಾನು? ಮುನಿಸು ಸೊಸೆಯ ಮೇಲೆ, ಮಾಂಸದ ಮೇಲೆ ಅಲ್ಲ. ಎದ್ದ. ಬೆಂಕಿಕಂಡಿ ತೆರೆದ. ಸಲಾಕೆ ಹಾಕಿ ಉರಿಯುವ ಸೌದೆಯನ್ನೆಲ್ಲ ತಟ್ಟಿ ಕೆಡವಿ, ಕೆಂಡವನ್ನು ಹಿತ್ತಿಲಿನ ಜಾಲರಿಯ ಕೆಳಗೆ ಹರಡುವ ಹಾಗೆ ತೆಳ್ಳಗೆ, ನೀಟಾಗಿ ಹರಡಿದ. ಹಾಗೆಯೇ ಓವನ್ನಿನ ಬಾಗಿಲನ್ನೂ ತೆರೆದು ಚಾಕುವಿನ ತುದಿಯಿಂದ ಮಾಂಸವನ್ನು ಸರಿಸಿ ನೋಡಿದ. ಎರಡು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿದ. ಮತ್ತೂ ಒಮ್ಮೆ. ಕೆಂಡದ ಮುಂದೆ ನಿಂತ ಗಂಡಸಿಗೆ ಮುಚ್ಚಿದ ಬಾಗಿಲು ಎಂದರೆ ಅಳುವ ಕೂಸು ಇನ್ನೊಂದು ಕೋಣೆಯಲ್ಲಿದ್ದ ಹಾಗೆ.

ಸುಲ್ಮಾ ಬರುವಷ್ಟರಲ್ಲಿ ಒಲೆಯ ಗುಡುಗು ನಿಂತಿತ್ತು. ಓವನ್ ತೆರೆದರೆ ಬಡಿಯಬೇಕಾದ ಬಿಸಿ ಮುಖಕ್ಕೆ ಬಡಿಯಲಿಲ್ಲ. ಮಾಂಸ ನೀರು ಬಿಟ್ಟುಕೊಂಡು, ಬಣ್ಣಗೆಟ್ಟು, ಮಳೆಯಲ್ಲಿ ನೆನೆದ ಚಪ್ಪಲಿಯಂತೆ ಕೂತಿತ್ತು. ಬೆರಳಿನಲ್ಲಿ ಒತ್ತಿದಳು, ಒಳಗೆಲ್ಲ ಹಸಿ. ಅದೇ ಹೊತ್ತಿಗೆ ಮುಂಬಾಗಿಲಲ್ಲಿ ಬೀಗರ ದನಿ ಕೇಳಿಸಿತು.

ಅವಳು ಸಲಾಕೆಯನ್ನು ನೋಡಿದಳು. ಸಲಾಕೆ ಹಿಡಿದಿದ್ದ ಮಾವನನ್ನು ನೋಡಿದಳು. ಅವನಿಗೂ ಏನೋ ಆಗಬಾರದ್ದು ಆಗಿದೆ ಎಂದು ಅರ್ಥವಾಗಿತ್ತು.

"ಉರಿ ಜಾಸ್ತಿ ಇತ್ತು," ಎಂದ ಸಣ್ಣ ದನಿಯಲ್ಲಿ.

ಬೈಯಲು ಬಾಯಿತುಂಬ ಮಾತಿತ್ತು, ಹೊತ್ತಿರಲಿಲ್ಲ. ಹಿತ್ತಿಲಿನ ಕೆಂಡದ ಮೇಲೆ ಅವನ ಮಾತು ನಡೆಯಬಹುದು, ಒಲೆಯ ಮೇಲೆ ನಡೆಯುವುದು ತನ್ನದೇ. ಸುಲ್ಮಾ ಮಾಂಸವನ್ನು ಹೊರಗೆ ತೆಗೆದು ಹಲಗೆಯ ಮೇಲಿಟ್ಟಳು. ಅಲ್ಲೇ ಬಿಟ್ಟಿದ್ದರೆ ತನ್ನ ನೀರಿನಲ್ಲಿ ತಾನೇ ಬೆಂದು ಚರ್ಮವಾಗುತ್ತಿತ್ತು. ಬಾಣಲೆಯ ನೀರು ಚೆಲ್ಲಿ, ಒರೆಸಿ, ಖಾಲಿ ಬಾಣಲೆಯನ್ನು ಮತ್ತೆ ಒಳಗಿಟ್ಟಳು. ಕೆಂಡವನ್ನೆಲ್ಲ ಒಟ್ಟುಗೂಡಿಸಿ, ಬುಟ್ಟಿಯಲ್ಲಿದ್ದ ದಿಂಡನ್ನೆಲ್ಲ ಸುರಿದು, ಗಾಳಿಕಂಡಿ ಪೂರ್ತಿ ಬಿಟ್ಟಳು. ಒಲೆ ಕೆಮ್ಮಿತು, ಹೊಗೆ ಬಿಟ್ಟಿತು, ಆಮೇಲೆ ಗುಡುಗಿತು. ಮಾಂಸವನ್ನು ಒಣಬಟ್ಟೆಯಲ್ಲಿ ಒತ್ತಿ ಒರೆಸುತ್ತಲೇ ಮುಂದಿನ ಕೋಣೆಗೆ ಕೂಗಿ ಹೇಳಿದಳು: ಊಟ ಸ್ವಲ್ಪ ತಡ, ಒಲೆ ಹತ್ತಿಸಿದ್ದರಲ್ಲಿ ನನ್ನದೇ ಒಂದು ತಪ್ಪಾಯಿತು, ಅಲ್ಲಿವರೆಗೆ ಸಾಸೇಜು ಚೀಸು ತೆಗೆದುಕೊಳ್ಳಿ.

ದೋನ್ ಎರ್ಮೆಸ್ ಆ ಮಾತನ್ನು ಕೇಳಿಸಿಕೊಂಡ. ಸಲಾಕೆಯನ್ನು ಮೆಲ್ಲಗೆ ಗೋಡೆಗೆ ಒರಗಿಸಿದ.

ಕಾಲು ಗಂಟೆಗೆ ಬಾಣಲೆ ಬೂದುಬಣ್ಣಕ್ಕೆ ಬಂತು. ಮಾಂಸ ಎರಡನೆಯ ಸಲ ಕೂಗಿತು, ಮೊದಲಿಗಿಂತ ಜೋರಾಗಿ. ಓವನ್ನಿನ ಬಾಗಿಲು ಮುಚ್ಚಿ ಸುಲ್ಮಾ ಅದಕ್ಕೆ ಬೆನ್ನು ಕೊಟ್ಟು ನಿಂತಳು. ಯಾರೂ ಹತ್ತಿರ ಬರಲಿಲ್ಲ.

ಒಂಬತ್ತಕ್ಕೆ ಮಾಂಸ ಮೇಜಿಗೆ ಬಂತು. ಎಳೆಗೆ ಅಡ್ಡವಾಗಿ ಕೊಯ್ದ ಹೋಳು. ಅಂಚು ಕಡುಗಂದು, ನಡುವೆ ದಾಳಿಂಬೆ ಬಣ್ಣ. ಪಕ್ಕದಲ್ಲಿ ಅದೇ ಕೊಬ್ಬಿನಲ್ಲಿ ಬೆಂದ ಗೆಣಸು, ಆಲೂಗಡ್ಡೆ. ಬೀಗಿತ್ತಿ ದೋನ್ಯಾ ಇವೋನ್ ಮೊದಲ ತುತ್ತಿಗೇ ಮಾತು ನಿಲ್ಲಿಸಿದಳು. ಅದು ಸಣ್ಣ ಮಾತಲ್ಲ. ಆಕೆ ಬಸ್ಸು ಇಳಿದಾಗಿನಿಂದ ನಿಲ್ಲಿಸಿರಲಿಲ್ಲ. ಮಾವ ಬಾಗಿಲ ಬಳಿ ನಿಂತಿದ್ದ. ಒಳಗೂ ಇಲ್ಲ, ಹೊರಗೂ ಇಲ್ಲ.

ಬೆಂಕಿಯ ಮುಂದೆ ನಿಂತು ಬೇಯಿಸಿದವನಿಗೆ ಊಟದ ನಡುವೆ ಚಪ್ಪಾಳೆ ತಟ್ಟುವುದು ಆ ಸೀಮೆಯ ವಾಡಿಕೆ. ದೋನ್ ಬಾಲ್ತಾಸಾರ್ ಮುಳ್ಳುಚಮಚ ಕೆಳಗಿಟ್ಟು, ಕೈ ಒರೆಸಿಕೊಂಡು, ಬಾಗಿಲ ಕಡೆ ತಿರುಗಿದ.

"ರಿವೆರಾದಲ್ಲೂ ನಿಮ್ಮ ಕೈ ಬಗ್ಗೆ ಹೇಳ್ತಾರೆ ಯಜಮಾನ್ರೇ. ಈ ಮಳೇಲಿ ಹೇಗೆ ಮಾಡಿದ್ರೋ. ಅಜ್ಜನಿಗೆ ಒಂದು ಚಪ್ಪಾಳೆ."

ಬೀಗಿತ್ತಿ ತಟ್ಟಿದಳು. ವಿಲ್ಮಾರನ ಕೈಯೂ ಅಭ್ಯಾಸದಿಂದ ಮೇಲೆದ್ದು, ಹೆಂಡತಿಯ ಮುಖ ಕಂಡು ಅಲ್ಲೇ ನಿಂತಿತು. ಸುಮ್ಮನಿದ್ದುಬಿಡುವುದು ಸುಲಭವಿತ್ತು. ಸುಲ್ಮಾ ನೆಟ್ಟಗೆ ಕೂತಳು.

"ಕೆಂಡದ್ದಲ್ಲ ಅದು, ಓವನ್‌ದು," ಎಂದಳು. "ನಾನು ಮಾಡಿದ್ದು. ಈ ಮನೇಲಿ ವಾರದಲ್ಲಿ ಮೂರು ದಿನ ಇದನ್ನೇ ತಿನ್ನೋದು. ನಿಮ್ಮ ಮನೆಗೆ ಬರ್ತಿರೋ ಹುಡುಗಿ ಇದನ್ನ ತಿಂದೇ ಬೆಳೆದಿರೋದು."

ದೋನ್ಯಾ ಇವೋನ್ ಇನ್ನೊಂದು ಹೋಳನ್ನು ತಟ್ಟೆಗೆ ಎಳೆದುಕೊಂಡು, ಹಾಗಾದರೆ ಹೇಗೆ ಮಾಡುವುದು ಹೇಳಿ, ನನಗೂ ಕಾಲು ನೋವು ಎಂದಳು. ಸುಲ್ಮಾ ಒಂದೊಂದಾಗಿ ಹೇಳಿದಳು. ಬಾಣಲೆ, ಬಟ್ಟೆ, ಉಪ್ಪು, ಕೂಗು. ಓವನ್ನಿನ ಬಾಗಿಲು ಹಾಕುವ ಮಾತಿಗೆ ಬಂದಾಗ ಹಿಂದಿನಿಂದ ಕೆಮ್ಮು ಕೇಳಿಸಿತು.

"ಒಂದು ಬಿಟ್ಟೆ ನೀನು," ಎಂದ ದೋನ್ ಎರ್ಮೆಸ್. "ಮನೇಲಿ ಮುದುಕ ಇದ್ರೆ ಮೊದಲು ಅವನನ್ನ ಹೊರಗೆ ಕಳಿಸ್ಬೇಕು. ಇವತ್ತು ತಡ ಆಗಿದ್ದು ಇವಳ ತಪ್ಪಲ್ಲ. ಬೆಂಕಿ ಕೆಡಿಸಿದ್ದು ನಾನು. ಕೆಟ್ಟಿದ್ದನ್ನ ಹಿಂದಕ್ಕೆ ತಂದಿದ್ದು ಇವಳು. ಅಷ್ಟು ಕೆಟ್ಟಮೇಲೆ ನನ್ನ ಕೈಲೂ ಆಗ್ತಿರ್ಲಿಲ್ಲ."

ವಿಲ್ಮಾರ್ ಅಪ್ಪನನ್ನು ಹೊಸಬರನ್ನು ನೋಡುವಂತೆ ನೋಡಿದ. ಮುದುಕ ಬಂದು ಕುರ್ಚಿ ಎಳೆದ, ಕೂತ, ತಟ್ಟೆ ಮುಂದೆ ಚಾಚಿದ.

"ನಡುವಿಂದು ಕೊಡು. ಕೆಂಪಗಿರೋದು."

ಹಲಗೆ ಸುಲ್ಮಾಳ ಮುಂದಿತ್ತು, ಚಾಕು ಅವಳ ಕೈಯಲ್ಲಿತ್ತು. ಯಾರಿಗೆ ಯಾವ ಹೋಳು ಎಂದು ಹೇಳುವ ಹಕ್ಕು ಬೇಯಿಸಿದವರದು. ಅದನ್ನು ಭಾನುವಾರಗಳಲ್ಲಿ ಅರ್ಧ ಶತಮಾನ ಚಲಾಯಿಸಿದವನೇ ಎದುರು ಕೂತಿದ್ದ.

"ನಡುವಿಂದು ಬೀಗರಿಗೆ, ಮಾವ," ಎಂದಳು. "ಬೆಂಕಿ ಕೆಡಿಸಿದವರಿಗೆ ಅಂಚಿಂದು."

ಹಿಮೆನಾ ಕಿಸಕ್ಕನೆ ನಕ್ಕಳು. ದೋನ್ ಎರ್ಮೆಸ್ ಅಂಚಿನ ಹೋಳನ್ನು ಉಳಿದ ನಾಲ್ಕು ಹಲ್ಲಿನಲ್ಲಿ ತಾಳ್ಮೆಯಿಂದ ಅಗಿದ. ಮುಗಿಸಿ, ಇನ್ನೊಂದಕ್ಕೆ ತಟ್ಟೆ ಚಾಚಿದ.