ಪಾಲಾದ ಕುರಿಗಳ ನೀಲಿ ಪ್ರದರ್ಶನ

ಮನೂರಿನ ಲಕ್ಷ್ಮಿಬಾಯಿಗೆ ಕುರಿ ಬಿಟ್ಟರೆ ಇದ್ದ ಇನ್ನೊಂದು ಆಸ್ತಿಯೆಂದರೆ ಹಟ. ಗಂಡ ತೀರಿಕೊಂಡ ಮೇಲೆ ಮೈದುನ ಖಂಡೆಪ್ಪನೊಡನೆ ಜಗಳವಾಡಿ ಹಿಂಡಿನಲ್ಲಿ ತನ್ನ ಪಾಲು ಬಿಡಿಸಿಕೊಂಡವಳು. ಅಂದಿನಿಂದ ಅವಳ ಕುರಿಗಳ ಬೆನ್ನಿಗೆ ಕೆಂಪು ಪಟ್ಟೆ, ಅವನವಕ್ಕೆ ಹಸಿರು. ಮೇಯುವುದು ಒಂದೇ ಬೀಳಿನಲ್ಲಿ; ಸಂಜೆ ಬಣ್ಣ ನೋಡಿ ಬೇರೆ ಮಾಡಿ ಮನೆಗೆ ಹೊಡೆಯುವುದು. ಇಬ್ಬರ ನಡುವೆ ಮಾತು ಮಾತ್ರ ಇರಲಿಲ್ಲ.

ಆ ಬೀಳಿಗೆ ಹೈದರಾಬಾದಿನಿಂದ ಕಲಾವಿದೆ ಅಪೂರ್ವ ಆಳುಗಳನ್ನು ಕಟ್ಟಿಕೊಂಡು ಬಂದಳು. ಬಟ್ಟೆಗೆ ಹಾಕುವ ನೀಲಿಯ ತೊಟ್ಟಿಯಲ್ಲಿ ಕುರಿಗಳನ್ನು ಅದ್ದಿ ಕಲಾಕೃತಿ ಮಾಡುತ್ತೇನೆ, ಪೇಪರಿನಲ್ಲಿ ನಿಮ್ಮ ಫೋಟೊ ಬರುತ್ತದೆ ಎಂದಳು. ಖಂಡೆಪ್ಪನ ಫೋಟೊ ಬರುವುದಿಲ್ಲ ಎಂಬುದು ಲಕ್ಷ್ಮಿಬಾಯಿಗೆ ಇನ್ನೂ ಹಿಡಿಸಿತು. ಹೂಂ ಅಂದಳು. ಬುತ್ತಿ ಉಂಡು ತುಸು ಅಡ್ಡಾಗಿ ಏಳುವಷ್ಟರಲ್ಲಿ, ಬೇವಿನ ನೆರಳಲ್ಲಿ ಒಟ್ಟಿಗೆ ಮಲಗಿದ್ದ ಎರಡೂ ಹಿಂಡುಗಳು ಪಟ್ಟೆ ಕಾಣದಷ್ಟು ನೀಲಿಯಾಗಿದ್ದವು.

ನಾರಾಯಣಖೇಡದಿಂದ ಶೇರ್ ಆಟೋದಲ್ಲಿ ಬಂದಿಳಿದ ಖಂಡೆಪ್ಪ ಬಾಯಿ ತೆರೆದು ನಿಂತ.

"ವೈನಿ, ನನ್ನ ಕುರಿ ಎಲ್ಲ್ಯಾವ?"

"ನನ್ನವಾದರ ಎಲ್ಲ್ಯಾವಂತ ನನಗ ಗೊತ್ತದೇನೋ!"

ಕುರಿಯ ಮುಖ ನೋಡಿಯೇ ಗುರುತು ಹಿಡಿಯಬಲ್ಲವರು ಇಬ್ಬರೂ. ಆದರೆ ಅವಳ ಗುರುತನ್ನು ಅವನು ಒಪ್ಪಬೇಕಲ್ಲ, ಅವನದನ್ನು ಅವಳು?

ಅಷ್ಟರಲ್ಲಿ ಪ್ರದರ್ಶನ ನೋಡುವ ಅತಿಥಿಗಳ ಕಾರುಗಳು ಬಂದವು. ಪ್ರದರ್ಶನದ ಸೂತ್ರಧಾರ ಮಿಲಿಂದ್ ಬಿಳಿ ಕುರ್ತಾ ತೊಟ್ಟು ಮೈಕ್ ಹಿಡಿದ. "ಇಲ್ಲಿ ಗಡಿಗಳು ಅಳಿದಿವೆ. ನನ್ನದು, ನಿನ್ನದು ಎಂಬುದೇ ಇಲ್ಲ."

"ಅದೇ ನಮ್ಮ ತಕರಾರ್‌ರೀ ಸಾಹೇಬ್ರ!" ಎಂದ ಖಂಡೆಪ್ಪ. ಅತಿಥಿಗಳು ಚಪ್ಪಾಳೆ ತಟ್ಟಿದರು.

ಲಕ್ಷ್ಮಿಬಾಯಿ ಸೆರಗು ಬಿಗಿದಳು. "ಖಂಡೆಪ್ಪಾ, ಮರಿ ತರಾಕ ನಡಿ."

ಎಳೆ ಮರಿಗಳು ಇಬ್ಬರ ಮನೆಯ ಗೂಡುಗಳಲ್ಲೂ ಬೇರೆಬೇರೆಯಾಗಿಯೇ ಇದ್ದವು. ಮೊದಲು ಅವಳ ಮರಿಗಳನ್ನು ಬಿಟ್ಟರು. ಬೀಳಿನ ತುಂಬ ಬ್ಯಾ ಬ್ಯಾ ಎದ್ದಿತು. ಪ್ರತಿ ಮರಿಯೂ ಒಂದೊಂದು ನೀಲಿ ಹೊಟ್ಟೆಯ ಕೆಳಗೆ ನುಗ್ಗಿತು. ತನ್ನದಲ್ಲದ್ದನ್ನು ತಾಯಿ ಒದ್ದು ಕಳಿಸಿತು. ಮರಿ ಒಪ್ಪಿಕೊಂಡ ಕುರಿಗಳನ್ನು ಲಕ್ಷ್ಮಿಬಾಯಿ ಒಂದು ಕಡೆಗೆ ಎಳೆದಳು. ಖಂಡೆಪ್ಪ ತಕರಾರು ಎತ್ತಲಿಲ್ಲ. ಮರಿಯ ಸಾಕ್ಷಿಗೆ ಎದುರು ಮಾತಿಲ್ಲ. ಮುಂದಿನ ಸಾಲಿನ ಹೆಂಗಸೊಬ್ಬಳು ಕಣ್ಣೊರೆಸಿಕೊಂಡು, "ಎಂಥಾ ನೃತ್ಯ ಸಂಯೋಜನೆ!" ಎಂದಳು. ಅವಳ ಕೈಚೀಲವನ್ನು ಒಂದು ಮರಿ ಚೀಪುತ್ತಿತ್ತು.

ಖಂಡೆಪ್ಪನ ಮರಿಗಳೂ ಹಾಗೆಯೇ ತಮ್ಮ ತಾಯಂದಿರನ್ನು ಹುಡುಕಿಕೊಂಡವು. ಕೊನೆಗೆ ಉಳಿದದ್ದು ಒಂದು ಟಗರು. ಅದಕ್ಕೆ ಯಾವ ಮರಿ ಸಾಕ್ಷಿ ಹೇಳೀತು?

"ನಂದು," ಎಂದು ಲಕ್ಷ್ಮಿಬಾಯಿ ಒಂದು ಕೊಂಬು ಹಿಡಿದಳು.

"ನಂದದ ವೈನಿ," ಖಂಡೆಪ್ಪ ಇನ್ನೊಂದು ಹಿಡಿದ.

"ಹಾಗೇ ಇರಿ! ಇದೇ ಕೃತಿಯ ಹೃದಯ!" ಮಿಲಿಂದ್ ಓಡಿಬಂದು ಟಗರಿನ ಎದುರು ಮಂಡಿಯೂರಿದ, ಕ್ಯಾಮೆರಾದವನಿಗೆ ಕೈಸನ್ನೆ ಮಾಡಿದ. ಟಗರಿಗೆ ಎದುರು ಮಂಡಿಯೂರಬಾರದು. ಅದು ಎರಡೂ ಕೊಂಬು ಬಿಡಿಸಿಕೊಂಡು ಒಂದು ಹೆಜ್ಜೆ ಹಿಂದೆ ಸರಿದು ಗುದ್ದಿತು. ಮಿಲಿಂದ್ ನೀಲಿಯ ತೊಟ್ಟಿಗೆ ಬಿದ್ದು, ಅಡಿಯಿಂದ ಮುಡಿಯವರೆಗೆ ನೀಲಿಯಾಗಿ ಎದ್ದ. ಅತಿಥಿಗಳು ಎದ್ದು ನಿಂತು ಚಪ್ಪಾಳೆ ಹೊಡೆದರು. ಅಪೂರ್ವ ನಗು ತಡೆಯಲಾರದೆ ನೆಲಕ್ಕೆ ಕೂತಳು.

ಲಕ್ಷ್ಮಿಬಾಯಿ ತೊಟ್ಟಿಯಲ್ಲಿ ನಿಂತ ನೀಲಿ ಮಿಲಿಂದನ ಕಡೆ ನೋಡಿದಳು, ಟಗರಿನ ಕಡೆ ನೋಡಿದಳು.

"ಖಂಡೆಪ್ಪಾ, ಪಾಲು ಸಮಾ ಆತು ನೋಡು. ಟಗರು ನಾ ಒಯ್ತೀನಿ, ಅದನ್ನ ನೀ ಹೊಡ್ಕೊಂಡು ಹೋಗು."

ಖಂಡೆಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅಲ್ಲವೆನ್ನಲು ಬಾಯಿ ಬಿಡುವಷ್ಟರಲ್ಲಿ ಟಗರು ಅವಳ ಹಿಂಡು ಸೇರಿಯಾಗಿತ್ತು.